ದೇವಯ್ಯನವರ ಕಥೆ ಹೇಳಿದ್ದು ಯಾರು?

ಫೈಟರ್ ಪೈಲಟ್‌ಗಳ ಬಗ್ಗೆ ಏನೇ ಓದಿದರೂ ನನಗೆ ಮೊದಲು ಏಳುವ ಪ್ರಶ್ನೆ ಒಂದೇ. ಇದನ್ನು ನೋಡಿದ್ದು ಯಾರು?

ನೆಲದ ಮೇಲೆ ನಡೆಯುವ ಕಾಳಗದಲ್ಲಿ ಪಕ್ಕದಲ್ಲಿ ಇನ್ನೊಬ್ಬ ಜವಾನ ಇರುತ್ತಾನೆ. ಗುಂಡು ತಗಲಿ ಬಿದ್ದವನನ್ನು ಎಳೆದು ತರುವವನು ಇರುತ್ತಾನೆ. ಯಾರು ಏನು ಮಾಡಿದರು ಅಂತ ಸಂಜೆ ಹೇಳುವುದಕ್ಕೆ ಒಂದೆರಡು ಬಾಯಿಯಾದರೂ ಉಳಿದಿರುತ್ತವೆ. ಒಂಟಿ ಸೀಟಿನ ವಿಮಾನದಲ್ಲಿ ಹಾಗಲ್ಲ. ಗಂಟೆಗೆ 800 ಕಿ.ಮೀ. ವೇಗದಲ್ಲಿ ಹೋಗುವಾಗ ಜೊತೆಯವನು ಒಂದೇ ಒಂದು ನಿಮಿಷ ಮುಂದೆ ಹೋದರೆ ಸಾಕು, ಅವನು 13 ಕಿ.ಮೀ. ದೂರದಲ್ಲಿ ಇರುತ್ತಾನೆ. ಹಿಂದೆ ಏನಾಯಿತು ಅಂತ ಅವನಿಗೆ ಕಾಣುವುದಿಲ್ಲ. ವಿಮಾನದ ಮೂತಿಯಲ್ಲಿ ಗನ್ ಕ್ಯಾಮೆರಾ ಇರುತ್ತದೆ, ನಿಜ. ಆದರೆ ವಿಮಾನವೇ ಮರಳಿ ಬರದಿದ್ದರೆ ಆ ರೀಲೂ ಬರುವುದಿಲ್ಲ.

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರಿಗೆ ಆಗಿದ್ದು ಇದೇ. ಅವರು ಸತ್ತಿದ್ದು ಪಾಕಿಸ್ತಾನದ ವಿರುದ್ಧದ ಯುದ್ಧದಲ್ಲಿ, 1965ರ ಸೆಪ್ಟೆಂಬರ್ 7ರಂದು. ಅವರಿಗೆ ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. ನಡುವೆ 23 ವರ್ಷ. ಸರ್ಕಾರಿ ಕೆಲಸ, ನಿಧಾನ ಆಗುತ್ತೆ ಬಿಡಿ ಅನ್ನುವಂತಿಲ್ಲ. ಅವರು ಏನು ಮಾಡಿದರು ಅನ್ನುವುದೇ ನಮ್ಮ ವಾಯುಪಡೆಗೆ ಗೊತ್ತಿರಲಿಲ್ಲ. ಅದನ್ನು ಹೇಳಿದ್ದು ಅವರು ಯಾರ ವಿರುದ್ಧ ಹೋರಾಡಿದರೋ ಆ ಕಡೆಯವರು.

ಮಡಿಕೇರಿಗೆ ಹೋದವರು ಖಾಸಗಿ ಬಸ್ ನಿಲ್ದಾಣದ ಹತ್ತಿರ ದೇವಯ್ಯನವರ ಹೆಸರಿನ ವೃತ್ತ ನೋಡಿರುತ್ತೀರಿ. ಆ ಊರಲ್ಲಿ ಸೇನೆಯವರ ಹೆಸರಿಗೆ ಬರ ಇಲ್ಲ. ಕಾರ್ಯಪ್ಪ, ತಿಮ್ಮಯ್ಯ ಅಂದರೆ ಸಣ್ಣ ಮಕ್ಕಳಿಗೂ ಗೊತ್ತು. ದೇವಯ್ಯ ಅಂದರೆ ಪ್ರವಾಸಕ್ಕೆ ಬಂದವರಲ್ಲಿ ಅರ್ಧ ಜನ ಯಾವುದೋ ಸ್ವಾತಂತ್ರ್ಯ ಹೋರಾಟಗಾರರು ಅಂದುಕೊಳ್ಳುತ್ತಾರೆ ಅನ್ನುವುದು ನನ್ನ ಅನುಮಾನ. 2025ರಲ್ಲಿ ಒಂದು ಹಿಂದಿ ಸಿನಿಮಾ ಬಂದ ಮೇಲೆ ಸ್ವಲ್ಪ ಹುಡುಕಾಟ ಶುರುವಾಯಿತು. ಅದರಲ್ಲೂ ಪಾತ್ರದ ಹೆಸರು ಬೇರೆ. ಅದಿರಲಿ, ಸಿನಿಮಾ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ನಿಜವಾಗಿ ನಡೆದದ್ದೇ ಅದಕ್ಕಿಂತ ರೋಚಕವಾಗಿದೆ.

ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್‌ನಲ್ಲಿ. ತಂದೆ ಡಾಕ್ಟರು. 1954ರಲ್ಲಿ ವಾಯುಪಡೆಗೆ ಪೈಲಟ್ ಆಗಿ ಸೇರಿದರು. ಗೆಳೆಯರು ಅವರನ್ನು ಕರೆಯುತ್ತಿದ್ದದ್ದು 'ಟಬ್ಬಿ' ಅಂತ. ಫೋಟೋದಲ್ಲಿ ದುಂಡು ಮುಖದ, ಸಮಾಧಾನದ ಮನುಷ್ಯನ ಹಾಗೆ ಕಾಣುತ್ತಾರೆ. 1965ರ ಯುದ್ಧ ಶುರುವಾಗುವ ಹೊತ್ತಿಗೆ ಅವರು ಮಾಡುತ್ತಿದ್ದದ್ದು ಪಾಠ ಹೇಳುವ ಕೆಲಸ. ಹೊಸ ಹುಡುಗರಿಗೆ ವಿಮಾನ ಹಾರಿಸಲು ಕಲಿಸುವ ಇನ್‌ಸ್ಟ್ರಕ್ಟರ್.

ಈ ಕೆಲಸದ ಬಗ್ಗೆ ಯಾರೂ ಹೆಚ್ಚು ಬರೆಯುವುದಿಲ್ಲ. ಫೈಟರ್ ಪೈಲಟ್ ಅಂದರೆ ನಮ್ಮ ಕಣ್ಣಿಗೆ ಬರುವುದು ಗುಂಡಿನ ಕಾಳಗ. ಆದರೆ ಒಬ್ಬ ಪೈಲಟ್‌ನ ವೃತ್ತಿ ಜೀವನದಲ್ಲಿ ಸಾವಿರಾರು ಗಂಟೆ ಹಾರಾಟ ಇದ್ದರೆ, ಅದರಲ್ಲಿ ಗುಂಡು ಹಾರಿಸಿದ ಹೊತ್ತು ಕೆಲವೇ ನಿಮಿಷ ಇರಬಹುದು. ತುಂಬಾ ಜನರಿಗೆ ಅದೂ ಇರುವುದಿಲ್ಲ. ಉಳಿದದ್ದೆಲ್ಲ ಅಭ್ಯಾಸ. ಇನ್‌ಸ್ಟ್ರಕ್ಟರ್ ಆದರಂತೂ ದಿನವೂ ಅದೇ ಟೇಕಾಫ್, ಅದೇ ತಿರುವು, ಅದೇ ಲ್ಯಾಂಡಿಂಗ್. ಪಕ್ಕದಲ್ಲೋ ಹಿಂದೆಯೋ ಕೂತ ಹುಡುಗ ಯಾವ ಕ್ಷಣದಲ್ಲಿ ತಪ್ಪು ಮಾಡುತ್ತಾನೆ ಅಂತ ಕಾಯುತ್ತಾ, ಅವನು ತಪ್ಪು ಮಾಡಿದ ಮೇಲೂ ಕಡೆಯ ಗಳಿಗೆಯವರೆಗೆ ಕೈ ಹಾಕದೆ ತಡೆದುಕೊಳ್ಳುವುದು. ವಿಮಾನ ಯಾವ ವೇಗದಲ್ಲಿ ಎಷ್ಟು ಬಿಗಿಯಾಗಿ ತಿರುಗುತ್ತದೆ, ಎಲ್ಲಿ ಕೈಬಿಡುತ್ತದೆ ಅನ್ನುವುದು ಇಂಥವರಿಗೆ ಮೈಗೆ ಗೊತ್ತಿರುತ್ತದೆ. ಇದನ್ನು ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ.

ಯುದ್ಧ ಬಂತು. ದೇವಯ್ಯನವರನ್ನು ಪಂಜಾಬಿನ ಆದಂಪುರದಲ್ಲಿದ್ದ 1ನೇ ಸ್ಕ್ವಾಡ್ರನ್‌ಗೆ ಕಳಿಸಿದರು. ಈ ಸ್ಕ್ವಾಡ್ರನ್ನಿಗೆ 'ಟೈಗರ್ಸ್' ಅಂತ ಹೆಸರು. ಕಮಾಂಡಿಂಗ್ ಆಫೀಸರ್ ವಿಂಗ್ ಕಮಾಂಡರ್ ಓ.ಪಿ. ತನೇಜಾ. ಅವರ ಕೈಲಿದ್ದದ್ದು ಮಿಸ್ಟೇರ್ ವಿಮಾನಗಳು. ಫ್ರಾನ್ಸಿನ ಡಸೋ ಕಂಪನಿಯದು, ನಾವು 1957ರ ಹೊತ್ತಿಗೆ ತರಿಸಿಕೊಂಡದ್ದು. ಹಾಂ, ರಫೇಲ್ ಮಾಡಿದ ಅದೇ ಡಸೋ. ಮಿಸ್ಟೇರ್ ಗಟ್ಟಿ ವಿಮಾನ. ರಾಕೆಟ್, ಬಾಂಬ್ ಹೊತ್ತು ಹೋಗಿ ನೆಲದ ಮೇಲಿನ ಗುರಿ ಹೊಡೆಯುವುದರಲ್ಲಿ ಚೆನ್ನಾಗಿತ್ತು. ಗಾಳಿಯಲ್ಲಿ ಇನ್ನೊಂದು ಫೈಟರ್ ಜೊತೆ ಗುದ್ದಾಡುವುದಕ್ಕೆ ಅದನ್ನು ಯಾರೂ ಮೊದಲು ಆರಿಸುತ್ತಿರಲಿಲ್ಲ. ಮೂತಿಯಲ್ಲಿ 30 ಮಿ.ಮೀ.ನ ಎರಡು ಗನ್. ಅಷ್ಟೇ. ಕ್ಷಿಪಣಿ ಇಲ್ಲ.

ಆ ಕಡೆ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯಲ್ಲಿ ಇದ್ದದ್ದು ಅಮೆರಿಕ ಕೊಟ್ಟಿದ್ದ ಎಫ್-86 ಸೇಬರ್ ಮತ್ತು ಎಫ್-104 ಸ್ಟಾರ್‌ಫೈಟರ್. ಪಾಕಿಸ್ತಾನಕ್ಕೆ ಬಂದಿದ್ದದ್ದು ಬರೀ 12 ಸ್ಟಾರ್‌ಫೈಟರ್. ಆದರೆ ಅದರ ಹೆಸರಿಗೇ ಒಂದು ತೂಕ ಇತ್ತು. ಶಬ್ದದ ಎರಡು ಪಟ್ಟು ವೇಗ. ಕ್ಷಿಪಣಿಯ ಆಕಾರದ ಮೈ, ಪುಟ್ಟ ರೆಕ್ಕೆ. ಸೈಡ್‌ವೈಂಡರ್ ಕ್ಷಿಪಣಿ, ಜೊತೆಗೆ ಆರು ನಳಿಗೆಯ 20 ಮಿ.ಮೀ. ಗನ್. ನೇರ ಓಟದಲ್ಲಿ ಮಿಸ್ಟೇರ್ ಇದರ ಹತ್ತಿರಕ್ಕೂ ಬರುವುದಿಲ್ಲ.

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ಸೇಬರ್‌ಗಳು ಪಠಾಣ್‌ಕೋಟ್ ನೆಲೆಗೆ ನುಗ್ಗಿದವು. ನಿಂತಿದ್ದ ನಮ್ಮ ವಿಮಾನಗಳನ್ನು ನೆಲದ ಮೇಲೇ ಸುಟ್ಟವು. ದೊಡ್ಡ ಪೆಟ್ಟು ಅದು, ಮುಚ್ಚಿಡುವುದಕ್ಕೆ ಏನಿಲ್ಲ. ಮಾರನೇ ದಿನ ಬೆಳಗಾಗುವ ಮೊದಲೇ ಸರ್ಗೋಧಾವನ್ನು ಹೊಡೆಯಬೇಕು ಅನ್ನುವ ಆದೇಶ ಟೈಗರ್ಸ್‌ಗೆ ಬಂತು.

ಆದಂಪುರದಿಂದ ಸರ್ಗೋಧಾಕ್ಕೆ ನೇರ ಲೆಕ್ಕದಲ್ಲಿ ಸುಮಾರು 300 ಕಿ.ಮೀ. ಕೇಳುವುದಕ್ಕೆ ಬೆಂಗಳೂರಿಂದ ಮಂಗಳೂರಿಗೆ ಹೋದ ಹಾಗೆ. ಆದರೆ ರಾಡಾರ್ ಕಣ್ಣಿಗೆ ಬೀಳಬಾರದು ಅಂತ ಮರದ ತುದಿ ಸವರಿಕೊಂಡು ಹೋಗಬೇಕು. ಕೆಳಗೆ ಹಾರಿದಷ್ಟೂ ಜೆಟ್ ಎಂಜಿನ್ ಇಂಧನ ಜಾಸ್ತಿ ಕುಡಿಯುತ್ತದೆ. ಹೊರಗೆ ತೂಗುಹಾಕಿದ ಟ್ಯಾಂಕ್ ಸೇರಿಸಿದರೂ ಮಿಸ್ಟೇರ್‌ಗೆ ಹೋಗಿ ಹೊಡೆದು ಮರಳುವಷ್ಟು ಮಾತ್ರ ಎಣ್ಣೆ. ದಾರಿಯಲ್ಲಿ ಯಾರಾದರೂ ಅಡ್ಡ ಬಂದರೆ ನಿಂತು ಕಾದಾಡುವುದಕ್ಕೆ ಅಂತ ಪ್ರತ್ಯೇಕ ಎಣ್ಣೆ ಇರಲಿಲ್ಲ. ಅದಕ್ಕೇ ಎಲ್ಲ ಪೈಲಟ್‌ಗಳಿಗೂ ಗೊತ್ತಿದ್ದದ್ದು ಒಂದೇ ಸೂತ್ರ. ಹೊಡಿ, ತಿರುಗು, ಮನೆಗೆ ಓಡು.

ಇನ್ನು ಕತ್ತಲು. ಈಗಿನ ಹಾಗೆ ಪರದೆ ಮೇಲೆ ಬಾಣ ತೋರಿಸುವ ಜಿಪಿಎಸ್ ಇಲ್ಲ. ದಿಕ್ಸೂಚಿ, ಗಡಿಯಾರ, ತೊಡೆ ಮೇಲೆ ಮಡಿಸಿಟ್ಟ ಮ್ಯಾಪು. ಇಷ್ಟು ವೇಗದಲ್ಲಿ ಇಷ್ಟು ನಿಮಿಷ ಹೋದರೆ ಇಂಥ ಕಾಲುವೆ ಬರಬೇಕು, ಬರಲಿಲ್ಲ ಅಂದರೆ ದಾರಿ ತಪ್ಪಿದೆ ಅಂತ ಅರ್ಥ. ರೇಡಿಯೋದಲ್ಲಿ ಕೇಳೋಣ ಅಂದರೆ ಮಾತಾಡುವ ಹಾಗಿಲ್ಲ, ಆ ಕಡೆಯವರು ಕೇಳಿಸಿಕೊಳ್ಳುತ್ತಾರೆ. ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಬಯಲಿನ ಮೇಲೆ, ಸೂರ್ಯ ಹುಟ್ಟುವ ಮೊದಲು, ದೀಪ ಆರಿಸಿಕೊಂಡು, ಮುಂದಿರುವ ವಿಮಾನದ ನೆರಳನ್ನೇ ಹಿಡಿದು ಹಾರುವುದನ್ನು ಸುಮ್ನೆ ಒಮ್ಮೆ ಊಹಿಸಿಕೊಳ್ಳಿ.

12 ವಿಮಾನಗಳ ಯೋಜನೆ ಅದು. ದೇವಯ್ಯ ಅದರಲ್ಲಿ ಮೊದಲಿನಿಂದ ಇದ್ದವರಲ್ಲ, ಸ್ಟ್ಯಾಂಡ್‌ಬೈ. ಯಾವುದಾದರೂ ವಿಮಾನ ಕೈಕೊಟ್ಟರೆ ಆ ಜಾಗಕ್ಕೆ ಹೋಗಬೇಕಾದವರು. ಕೊನೆಗೆ ಅವರೂ ಹೊರಟರು. ಬೆಳಗಿನ ಐದೂವರೆ ಸುಮಾರಿಗೆ ಟೈಗರ್ಸ್ ಆದಂಪುರ ಬಿಟ್ಟರು, ಆರು ಗಂಟೆಗೆ ಮುಂಚೆಯೇ ಸರ್ಗೋಧಾ ಮೇಲಿದ್ದರು. ದಾಳಿಯಿಂದ ಎಷ್ಟು ಹಾನಿ ಆಯಿತು ಅನ್ನುವುದರಲ್ಲಿ ಎರಡು ದೇಶಗಳ ಲೆಕ್ಕ ಇವತ್ತಿಗೂ ಕೂಡಿ ಬರುವುದಿಲ್ಲ. ಅದು ಈ ಬರಹಕ್ಕೆ ಬೇಕಿಲ್ಲ. ಹೊಡೆದರು, ತಿರುಗಿದರು, ಪೂರ್ವಕ್ಕೆ ಓಡಿದರು. ಒಂದು ವಿಮಾನ ಬರಲಿಲ್ಲ.

ನಮ್ಮ ಕಡೆಯ ಕಥೆ ಅಲ್ಲಿಗೆ ಮುಗಿಯಿತು. ಅಷ್ಟೇ ಗೊತ್ತಿದ್ದದ್ದು. ಗುಂಪಿನ ಬಾಲದಲ್ಲಿದ್ದ ದೇವಯ್ಯ ಮರಳಲಿಲ್ಲ. ನೆಲದಿಂದ ಹೊಡೆದ ಗುಂಡು ತಗಲಿತೋ, ದಾರಿ ತಪ್ಪಿ ಎಣ್ಣೆ ಮುಗಿಯಿತೋ, ಕತ್ತಲಲ್ಲಿ ನೆಲಕ್ಕೆ ಬಡಿಯಿತೋ, ಇವುಗಳಲ್ಲಿ ಯಾವುದೂ ಆಗಿರಬಹುದಿತ್ತು. ನೋಡಿದವರಿಲ್ಲ. ಅದೇ ದಿನ ಆಮೇಲೆ ನಮ್ಮ ಹಂಟರ್ ಯುದ್ಧವಿಮಾನಗಳೂ ಹೋಗಿ ಸರ್ಗೋಧಾ ಮೇಲೆ ದಾಳಿ ಮಾಡಿದವು. ಒಬ್ಬ ಪೈಲಟ್‌ನ ಕೊನೆಯ ಕ್ಷಣಗಳನ್ನು ಕೂತು ಹುಡುಕುವಷ್ಟು ಬಿಡುವು ಆ ವಾರ ಯಾರಿಗೂ ಇರಲಿಲ್ಲ.

ಈಗ ಆ ಕಡೆಯಿಂದ ನೋಡೋಣ.

ಸರ್ಗೋಧಾ ಮೇಲೆ ದಾಳಿ ಆದಾಗ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಸ್ಟಾರ್‌ಫೈಟರ್‌ನಲ್ಲಿ ಗಾಳಿಯಲ್ಲೇ ಇದ್ದರು. ಮರಳಿ ಓಡುತ್ತಿದ್ದ ಮಿಸ್ಟೇರ್‌ಗಳ ಬೆನ್ನು ಹತ್ತಿದರು. ಕೈಗೆ ಸಿಕ್ಕಿದ್ದು ಕೊನೆಯಲ್ಲಿದ್ದದ್ದು, ಅಂದರೆ ದೇವಯ್ಯ. ಕ್ಷಿಪಣಿ ಬಿಟ್ಟರು, ಅದು ನೆಲಕ್ಕೆ ಹೋಯಿತು. ಆ ಕಾಲದ ಸೈಡ್‌ವೈಂಡರ್ ಬಿಸಿ ಹುಡುಕಿಕೊಂಡು ಹೋಗುವ ಕ್ಷಿಪಣಿ, ನೆಲಕ್ಕೆ ಅಂಟಿಕೊಂಡು ಹಾರುವ ವಿಮಾನದ ಮೇಲೆ ಅದರ ಆಟ ನಡೆಯುತ್ತಿರಲಿಲ್ಲ. ಆಮೇಲೆ ಗನ್ ಬಳಸಿದರು. ಈ ಸಲ ತಗಲಿತು. ಮಿಸ್ಟೇರ್‌ಗೆ ಗುಂಡು ಬಿದ್ದದ್ದು ಕಂಡಿತು. ಇದು ಮುಗಿಯಿತು ಅಂದುಕೊಂಡು ಅಮ್ಜದ್ ಮುಂದಿನ ವಿಮಾನಗಳ ಕಡೆ ತಿರುಗಿದರು.

ಅದು ಮುಗಿದಿರಲಿಲ್ಲ.

ಏಟು ತಿಂದ ಮಿಸ್ಟೇರ್ ಮನೆ ಕಡೆ ಓಡಲಿಲ್ಲ. ತಿರುಗಿ ನಿಂತಿತು. ಹತ್ತಿರ ಹತ್ತಿರ, ನೆಲದಿಂದ ಕಡಿಮೆ ಎತ್ತರದಲ್ಲಿ, ಎರಡೂ ವಿಮಾನ ಒಂದರ ಬಾಲ ಒಂದು ಹಿಡಿಯಲು ಸುತ್ತಾಡಿದವು. ಸ್ಟಾರ್‌ಫೈಟರ್ ಸೋಲುವುದು ಇಂಥ ಜಾಗದಲ್ಲೇ. ಅಷ್ಟು ಪುಟ್ಟ ರೆಕ್ಕೆಗೆ ವೇಗ ಇದ್ದರೆ ಮಾತ್ರ ಹಿಡಿತ. ಬಿಗಿಯಾಗಿ ತಿರುಗಲು ಹೋದರೆ ವೇಗ ಸೋರಿ ಹೋಗುತ್ತದೆ, ವೇಗ ಹೋದ ಮೇಲೆ ತಿರುಗುವುದೂ ಆಗುವುದಿಲ್ಲ. ಆ ವಿಮಾನದ ಪೈಲಟ್‌ಗಳಿಗೆ ಕಲಿಸುತ್ತಿದ್ದದ್ದೇ ಇದು. ಬಂದು ಹೊಡೆದು ಮೇಲೆ ಹೋಗು, ನಿಧಾನದ ವಿಮಾನದ ಜೊತೆ ಸುತ್ತುವುದಕ್ಕೆ ನಿಲ್ಲಬೇಡ. ನಿಂತರೆ ಮಿಸ್ಟೇರ್‌ನಂಥ ಹಳೆಯ ವಿಮಾನಕ್ಕೂ ಅವಕಾಶ ಸಿಗುತ್ತದೆ. ವರ್ಷಗಟ್ಟಲೆ ತಿರುವನ್ನೇ ಕಲಿಸಿದ ಇನ್‌ಸ್ಟ್ರಕ್ಟರ್ ಅದರೊಳಗೆ ಕೂತಿದ್ದರೆ ಕೇಳಬೇಕೇ?

ದೇವಯ್ಯನವರ ಗುಂಡು ಸ್ಟಾರ್‌ಫೈಟರ್‌ಗೆ ತಗಲಿತು. ಅಮ್ಜದ್ ಕೈಯಲ್ಲಿ ಕಂಟ್ರೋಲ್ ನಿಲ್ಲಲಿಲ್ಲ. ಪ್ಯಾರಾಶೂಟ್‌ನಲ್ಲಿ ಹೊರಗೆ ಹಾರಿ ಬದುಕಿಕೊಂಡರು. ದೇವಯ್ಯ ಹೊರಗೆ ಬರಲಿಲ್ಲ. ಅವರ ಮಿಸ್ಟೇರ್ ಅಲ್ಲೇ ಬಯಲಲ್ಲಿ ಬಿತ್ತು. ಹಳ್ಳಿಯವರು ಅವರ ದೇಹವನ್ನು ಹೊಲದಲ್ಲೇ ಮಣ್ಣು ಮಾಡಿದರು ಅನ್ನುವುದು ಪಾಕಿಸ್ತಾನದ ಕಡೆಯಿಂದ ಬಂದ ಮಾತು.

ಆ ಯುದ್ಧದಲ್ಲಿ ಗಾಳಿಯ ಕಾಳಗದಲ್ಲಿ ಬಿದ್ದ ಸ್ಟಾರ್‌ಫೈಟರ್ ಅದೊಂದೇ. ಶಬ್ದದ ಎರಡು ಪಟ್ಟು ವೇಗದ ವಿಮಾನವನ್ನು ಶಬ್ದದ ವೇಗವನ್ನೇ ಸರಿಯಾಗಿ ಮುಟ್ಟದ ವಿಮಾನವೊಂದು, ಅದೂ ಗುಂಡು ತಿಂದ ಮೇಲೆ, ಉರುಳಿಸಿತ್ತು. ನಮ್ಮ ದಾಖಲೆಯಲ್ಲಿ ಇದ್ದದ್ದು ಮಾತ್ರ, ಮರಳಲಿಲ್ಲ.

ಇಲ್ಲಿ ಒಂದು ಕ್ಷಣ ನಿಲ್ಲುತ್ತೇನೆ. ಯಾಕೆಂದರೆ ಇದೇ ಯುದ್ಧದಲ್ಲಿ ಉಲ್ಟಾ ಉದಾಹರಣೆಗಳೂ ಬೇಕಾದಷ್ಟಿವೆ. ಸೆಪ್ಟೆಂಬರ್ 3ರಂದು ಸ್ಕ್ವಾಡ್ರನ್ ಲೀಡರ್ ಟ್ರೆವರ್ ಕೀಲರ್ ತಮ್ಮ ಪುಟ್ಟ ನ್ಯಾಟ್ ವಿಮಾನದಿಂದ (ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೂ ತಯಾರಾಗುತ್ತಿದ್ದ ವಿಮಾನ ಅದು) ಒಂದು ಸೇಬರ್ ಹೊಡೆದರು. ಸ್ವತಂತ್ರ ಭಾರತದ ಮೊದಲ ವೈಮಾನಿಕ ಬೇಟೆ ಅಂತ ದೇಶವೇ ಕುಣಿಯಿತು, ವೀರ ಚಕ್ರ ಬಂತು. ಆಮೇಲೆ ಪಾಕಿಸ್ತಾನದ ಕಡೆಯಿಂದ ತಿಳಿದದ್ದು, ಆ ಸೇಬರ್ ಜಖಂ ಆದರೂ ಪೈಲಟ್ ಅದನ್ನು ಹೇಗೋ ನೆಲೆಗೆ ತಂದಿಳಿಸಿದ್ದ ಅಂತ. ಆ ಕಡೆ ಎಂ.ಎಂ. ಆಲಂ, ಸೆಪ್ಟೆಂಬರ್ 7ರಂದೇ, ಅದೇ ಸರ್ಗೋಧಾ ಹತ್ತಿರ, ಒಂದು ನಿಮಿಷದೊಳಗೆ ಐದು ಹಂಟರ್ ಉರುಳಿಸಿದರು ಅಂತ ಪಾಕಿಸ್ತಾನ ಹೇಳಿತು. ಭಾರತದ ನಷ್ಟದ ಲೆಕ್ಕಕ್ಕೆ ಅದು ಹೊಂದುವುದೇ ಇಲ್ಲ.

ಇವರ್ಯಾರೂ ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ. ಗಂಟೆಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಎದುರಿನ ವಿಮಾನದಿಂದ ಹೊಗೆ ಬಂತು ಅಂದರೆ ಬಿತ್ತು ಅಂತಲೇ ಅನ್ನಿಸುತ್ತದೆ. ಅದು ಬೀಳುವುದನ್ನು ನೋಡುತ್ತಾ ಕೂತರೆ ನಿನ್ನ ಹಿಂದೆ ಇನ್ನೊಬ್ಬ ಬಂದಿರುತ್ತಾನೆ. ಎಲ್ಲ ದೇಶದ ಪೈಲಟ್‌ಗಳ ಲೆಕ್ಕವೂ ನಿಜಕ್ಕಿಂತ ಸ್ವಲ್ಪ ದಪ್ಪಗಿರುವುದು ಇದಕ್ಕೇ. ಅಮ್ಜದ್ ಕೂಡ ಆ ಬೆಳಿಗ್ಗೆ ಅದೇ ಅಂದಾಜು ಮಾಡಿದ್ದರಲ್ಲ, ಇದು ಮುಗಿಯಿತು ಅಂತ. ನನ್ನ ತಕರಾರು ಬೇರೆ. ಮರಳಿ ಬಂದವನ ಮಾತಿಗೆ ದಾಖಲೆಯಲ್ಲಿ ಜಾಗ ಸಿಗುತ್ತದೆ, ಆ ಮಾತು ಅಂದಾಜಿನದ್ದಾದರೂ. ಮರಳದವನು ಮಾಡಿದ್ದು ನೂರಕ್ಕೆ ನೂರು ನಿಜವಾದರೂ ದಾಖಲೆಗೆ ಬರುವ ದಾರಿಯೇ ಇರುವುದಿಲ್ಲ. ಪದಕಗಳ ಪಟ್ಟಿ ನೋಡಿ ಯಾರು ಎಷ್ಟು ದೊಡ್ಡ ಪೈಲಟ್ ಅಂತ ಚರ್ಚೆ ಮಾಡುವವರನ್ನು ಕಂಡರೆ ನನಗೆ ಇದಕ್ಕೇ ಸ್ವಲ್ಪ ಕಿರಿಕಿರಿ.

ಅದೇ ತಿಂಗಳ ಇನ್ನೊಬ್ಬ ಕೊಡವ ಪೈಲಟ್‌ನ ಕಥೆ ಪಕ್ಕದಲ್ಲಿಟ್ಟರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ.

ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ. ಮನೆಯಲ್ಲಿ ನಂದಾ. ಭಾರತೀಯ ಸೇನೆಯ ಮೊದಲ ಭಾರತೀಯ ಮುಖ್ಯಸ್ಥ ಕೆ.ಎಂ. ಕಾರ್ಯಪ್ಪ ಅವರ ಮಗ. ಹಲ್ವಾರಾದಲ್ಲಿದ್ದ 20ನೇ ಸ್ಕ್ವಾಡ್ರನ್‌ನಲ್ಲಿ ಹಂಟರ್ ಹಾರಿಸುತ್ತಿದ್ದರು. ಸೆಪ್ಟೆಂಬರ್ 22, ಕದನ ವಿರಾಮಕ್ಕೆ ಇನ್ನು ಒಂದು ರಾತ್ರಿ ಬಾಕಿ. ಕಸೂರ್ ಕಡೆ ನೆಲದ ಗುರಿಗಳ ಮೇಲೆ ದಾಳಿಗೆ ಹೋದವರಿಗೆ ಕೆಳಗಿನಿಂದ ಗುಂಡು ತಗಲಿತು. ಹೊರಗೆ ಹಾರಿದರು. ಎಜೆಕ್ಷನ್ ಸೀಟ್ ಅಂದರೆ ಸೀಟಿನ ಕೆಳಗೆ ಮದ್ದು ಸಿಡಿದು ಮನುಷ್ಯನನ್ನು ಸೀಟಿನ ಸಮೇತ ಮೇಲಕ್ಕೆ ಎಸೆಯುವ ಏರ್ಪಾಡು. ಜೀವ ಉಳಿಸುತ್ತದೆ, ಬೆನ್ನು ಉಳಿಸುತ್ತದೆ ಅಂತ ಹೇಳಲಾಗದು. ನಂದಾ ಅವರ ಬೆನ್ನಿಗೆ ಪೆಟ್ಟಾಯಿತು. ಬಿದ್ದದ್ದು ಪಾಕಿಸ್ತಾನದ ಸೈನಿಕರ ನಡುವೆ. ಯುದ್ಧಕೈದಿ.

ಹೆಸರು ಹೇಳಿದರೆ ಸಾಕಲ್ವಾ, ಯಾರ ಮಗ ಅಂತ ಗೊತ್ತಾಗುವುದಕ್ಕೆ. ಆಗ ಪಾಕಿಸ್ತಾನದ ಅಧ್ಯಕ್ಷ ಆಗಿದ್ದ ಅಯೂಬ್ ಖಾನ್, ದೇಶ ಒಂದಾಗಿದ್ದಾಗ ಇದೇ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗ ಕ್ಷೇಮವಾಗಿದ್ದಾನೆ ಅನ್ನುವ ಸುದ್ದಿ ಪಾಕಿಸ್ತಾನದ ರೇಡಿಯೋದಲ್ಲೇ ಬಂತು. ಆಮೇಲೆ ಅಯೂಬ್ ಅವರ ಹೆಂಡತಿ ಮತ್ತು ಮಗ ನಂದಾ ಅವರನ್ನು ನೋಡಲು ಸಿಗರೇಟು, ಓದುವುದಕ್ಕೊಂದು ಕಾದಂಬರಿ ಹಿಡಿದುಕೊಂಡು ಬಂದರು. ಮಡಿಕೇರಿಯಲ್ಲಿದ್ದ ಹಿರಿಯ ಕಾರ್ಯಪ್ಪನವರಿಗೆ ಮಗನ ಬಿಡುಗಡೆಯ ಮಾತು ಬಂದಾಗ ಅವರು ಕೊಟ್ಟ ಉತ್ತರ ಕೊಡಗಿನಲ್ಲಿ ಮನೆಮನೆಗೂ ಗೊತ್ತು. ಅಲ್ಲಿರುವ ಕೈದಿಗಳೆಲ್ಲ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ, ಇವನೊಬ್ಬನನ್ನು ಬೇರೆಯಾಗಿ ನೋಡಬೇಡಿ ಅನ್ನುವ ಅರ್ಥದ ಮಾತು ಅದು. ಬಾಯಿಂದ ಬಾಯಿಗೆ ಬರುವಾಗ ಒಂದಷ್ಟು ರಂಗು ಸೇರಿರಬಹುದು. ಆ ಮನುಷ್ಯನ ಸ್ವಭಾವ ತಿಳಿದವರಿಗೆ ಮಾತ್ರ ಅದರಲ್ಲಿ ಆಶ್ಚರ್ಯ ಕಾಣುವುದಿಲ್ಲ.

ನಂದಾ 1966ರ ಜನವರಿಯಲ್ಲಿ ಬೇರೆ ಕೈದಿಗಳ ಜೊತೆಗೇ ಮರಳಿದರು. ಬೆನ್ನಿನ ಪೆಟ್ಟಿನಿಂದಾಗಿ ಫೈಟರ್ ಬಿಟ್ಟು ಹೆಲಿಕಾಪ್ಟರ್ ಕಡೆ ಹೋಗಬೇಕಾಯಿತು. ಇದು ಓದಲು ಒಂದು ಸಾಲು, ಅನುಭವಿಸಿದವರಿಗೆ ಹಾಗಿರುವುದಿಲ್ಲ. ಫೈಟರ್ ಪೈಲಟ್ ಒಬ್ಬನಿಗೆ ಇನ್ನು ಆ ಸೀಟಿನಲ್ಲಿ ಕೂರಬೇಡ ಅನ್ನುವುದು ಎಂಥ ಮಾತು ಅಂತ ಆ ಕೆಲಸ ಮಾಡಿದವರನ್ನೇ ಕೇಳಬೇಕು. ಅವರು ಅಲ್ಲಿಗೆ ನಿಲ್ಲಲಿಲ್ಲ. ಏರ್ ಮಾರ್ಷಲ್ ಹುದ್ದೆಯವರೆಗೂ ಏರಿ ನಿವೃತ್ತರಾದರು. ಅಪ್ಪನ ಹೆಸರಿನಿಂದ ಏರಿದರು ಅಂತ ಯಾರಾದರೂ ಅಂದರೆ, ಅದೇ ಹೆಸರು ಶತ್ರುವಿನ ಜೈಲಿನಲ್ಲಿ ಎಷ್ಟು ಭಾರ ಆಗಿರಬಹುದು ಅಂತಲೂ ಯೋಚಿಸಬೇಕು.

ಒಂದೇ ಸಣ್ಣ ಜಿಲ್ಲೆ, ಒಂದೇ ಯುದ್ಧ, ನಡುವೆ ಬರೀ 15 ದಿನ. ಒಬ್ಬರ ಸುದ್ದಿಯನ್ನು ರೇಡಿಯೋ ಹೇಳಿತು. ಇನ್ನೊಬ್ಬರ ಮನೆಯವರು ಏನು ನಡೆಯಿತು ಅನ್ನುವುದು ಗೊತ್ತಿಲ್ಲದೆ ವರ್ಷಗಟ್ಟಲೆ ಕಳೆದರು. ಇದರಲ್ಲಿ ಯಾರದ್ದೂ ತಪ್ಪಿಲ್ಲ ಅನ್ನುವುದೇ ಕಷ್ಟದ ವಿಷಯ. ಸಿಟ್ಟು ಮಾಡಿಕೊಳ್ಳುವುದಕ್ಕೂ ಯಾರೂ ಸಿಗುವುದಿಲ್ಲ.

ದೇವಯ್ಯನವರ ವಿಷಯ ಹೊರಬಿದ್ದದ್ದು 1979ರಲ್ಲಿ. ಜಾನ್ ಫ್ರಿಕರ್ ಅನ್ನುವ ಇಂಗ್ಲಿಷ್ ಲೇಖಕ 1965ರ ವೈಮಾನಿಕ ಯುದ್ಧದ ಬಗ್ಗೆ ಒಂದು ಪುಸ್ತಕ ಬರೆದರು. ಪಾಕಿಸ್ತಾನದ ವಾಯುಪಡೆಯ ನೆರವು ಪಡೆದು, ಅಲ್ಲಿನ ದಾಖಲೆ ನೋಡಿ, ಅಲ್ಲಿನ ಪೈಲಟ್‌ಗಳನ್ನು ಮಾತಾಡಿಸಿ ಬರೆದದ್ದು. ಸಹಜವಾಗಿಯೇ ಆ ಕಡೆಗೆ ವಾಲಿದ ಪುಸ್ತಕ. ಆದರೆ ಅದರಲ್ಲೇ ಸೆಪ್ಟೆಂಬರ್ 7ರ ಬೆಳಗಿನ ಈ ಕಾಳಗ ಇತ್ತು. ಒಂದು ಮಿಸ್ಟೇರ್ ಗುಂಡು ತಿಂದ ಮೇಲೂ ತಿರುಗಿ ಬಂದು ಸ್ಟಾರ್‌ಫೈಟರ್ ಉರುಳಿಸಿತು ಅಂತ. ಆ ಮಿಸ್ಟೇರ್‌ನಲ್ಲಿ ಯಾರಿದ್ದರು ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಅದು ಗೊತ್ತಾಗಬೇಕಾದದ್ದು ನಮ್ಮವರಿಗೆ. ಆ ದಾಳಿಯಿಂದ ಮರಳದ ಮಿಸ್ಟೇರ್ ಒಂದೇ ಒಂದು, ಅಲ್ವಾ?

ಇಲ್ಲಿ ಅಮ್ಜದ್ ಅವರನ್ನು ಮೆಚ್ಚಬೇಕು. ಅವರಿಗೆ ಆ ದಿನಕ್ಕಾಗಿ ಸಿತಾರಾ-ಎ-ಜುರತ್ ಬಂದಿತ್ತು, ಅವರ ದೇಶದ ದೊಡ್ಡ ಪದಕಗಳಲ್ಲಿ ಒಂದು. ನನ್ನ ವಿಮಾನ ಬಿದ್ದದ್ದು ಎಂಜಿನ್ ಕೆಟ್ಟು ಅಂತಲೋ, ಇನ್ನೊಂದು ಕಾರಣದಿಂದ ಅಂತಲೋ ಹೇಳಿಬಿಟ್ಟಿದ್ದರೆ ತಿರುಗಿ ಕೇಳುವವರು ಯಾರು? ಇನ್ನೊಬ್ಬ ಸತ್ತು ಹೊಲದಲ್ಲಿದ್ದಾನೆ. ಆತ ನನಗಿಂತ ಚೆನ್ನಾಗಿ ತಿರುಗಿ ನನ್ನನ್ನೇ ಹೊಡೆದ ಅನ್ನುವುದನ್ನು ಒಪ್ಪಿಕೊಳ್ಳುವುದಕ್ಕೆ ಒಂದು ದೊಡ್ಡತನ ಬೇಕು. ವೈಮಾನಿಕ ಯುದ್ಧದ ಬಗ್ಗೆ ಎರಡು ಕಡೆಯವರೂ ಬರೆದದ್ದನ್ನು ಓದಿದರೆ ಅದು ಎಷ್ಟು ಅಪರೂಪ ಅಂತ ತಿಳಿಯುತ್ತದೆ.

ಪುಸ್ತಕ ಬಂದ ತಕ್ಷಣ ಪದಕ ಬಂದುಬಿಡಲಿಲ್ಲ. ಮತ್ತೆ ಒಂಬತ್ತು ವರ್ಷ. ಅಂದು ದಾಳಿಯ ಮುಂದಾಳಾಗಿದ್ದ ತನೇಜಾ ಅವರೇ ಇದರ ಬೆನ್ನು ಹತ್ತಿದರು. ಅವರಿಗೆ ಸರ್ಗೋಧಾ ದಾಳಿಗಾಗಿ ಮೊದಲೇ ವೀರ ಚಕ್ರ ಬಂದಿತ್ತು. ತಮ್ಮ ಗುಂಪಿನಿಂದ ಮರಳದವನ ಲೆಕ್ಕ ಬಾಕಿ ಇದೆ ಅಂತ ಅವರಿಗೆ ಅನ್ನಿಸಿತ್ತು ಅಂತ ಕಾಣುತ್ತದೆ. ಆವತ್ತಿನ ವಿಮಾನಗಳು, ಸಮಯ, ಜಾಗ ಎಲ್ಲ ತಾಳೆ ನೋಡಿದರು. 1988ರಲ್ಲಿ ಮಹಾವೀರ ಚಕ್ರ ಘೋಷಣೆಯಾಯಿತು, ದೇವಯ್ಯನವರ ಪತ್ನಿ ಅದನ್ನು ತೆಗೆದುಕೊಂಡರು. ಪರಮವೀರ ಚಕ್ರದ ನಂತರ ಯುದ್ಧದ ಶೌರ್ಯಕ್ಕೆ ನಮ್ಮಲ್ಲಿ ಇರುವ ದೊಡ್ಡ ಪದಕ ಅದು.

ದೇವಯ್ಯ ಯಾಕೆ ತಿರುಗಿದರು? ಇದರ ಬಗ್ಗೆ ಬರೆಯುವವರೆಲ್ಲ ಜೊತೆಗಾರರನ್ನು ಉಳಿಸಲು ಅಂತ ಬರೆಯುತ್ತಾರೆ. ಇರಬಹುದು. ಎಣ್ಣೆಯ ಲೆಕ್ಕ ಅವರಿಗೆ ಗೊತ್ತಿತ್ತು, ಕಾದಾಡಿದರೆ ಆದಂಪುರ ತಲುಪುವುದಿಲ್ಲ ಅಂತ ಗೊತ್ತಿತ್ತು. ಹಾಗಿದ್ದೂ ತಿರುಗಿದರು ಅಂದರೆ ಅದು ಬಲಿದಾನ ಅನ್ನುವುದು ಸುಲಭ. ನನಗೆ ಇನ್ನೊಂದು ಸಾಧ್ಯತೆಯೂ ಕಾಣುತ್ತದೆ. ಬೆನ್ನಿಗೆ ಎರಡು ಪಟ್ಟು ವೇಗದ ವಿಮಾನ ಬಿದ್ದಾಗ ನೇರ ಓಡಿದರೆ ಸಾವು ಖಂಡಿತ. ತಿರುಗಿದರೆ ಒಂದು ಕೈ ನೋಡಬಹುದು. ಇನ್‌ಸ್ಟ್ರಕ್ಟರ್ ಆದವನು ಅದನ್ನೇ ಕಲಿಸುತ್ತಾನೆ, ಅದನ್ನೇ ಮಾಡುತ್ತಾನೆ. ಅಲ್ಲಿ ತ್ಯಾಗ, ಬಲಿದಾನ ಅಂತ ಯೋಚಿಸಲು ಹೊತ್ತು ಎಲ್ಲಿತ್ತು? ಕೈಗೆ ಗೊತ್ತಿದ್ದ ಕೆಲಸವನ್ನು ಕೈ ಮಾಡಿತು. ಹೀಗೆ ಹೇಳಿದರೆ ಅವರನ್ನು ಸಣ್ಣವರನ್ನಾಗಿ ಮಾಡಿದ ಹಾಗೆ ಅಂತ ಕೆಲವರಿಗೆ ಅನ್ನಿಸಬಹುದು. ಗುಂಡು ತಿಂದ ವಿಮಾನದಲ್ಲಿ, ಪರದೇಶದ ನೆಲದ ಮೇಲೆ ಒಬ್ಬಂಟಿಯಾಗಿದ್ದಾಗಲೂ ಕೈ ತಪ್ಪದೆ ಕೆಲಸ ಮಾಡಿತು ಅನ್ನುವುದು ನನಗೆ ಸಣ್ಣ ಮಾತಾಗಿ ಕಾಣುವುದಿಲ್ಲ.

1965ರ ಯುದ್ಧದ ನಮ್ಮದೇ ಅಧಿಕೃತ ಇತಿಹಾಸ ಸಿದ್ಧವಾಗಿದ್ದು 1992ರ ಹೊತ್ತಿಗೆ. ಅದೂ ಬಹಳ ಕಾಲ ಓದುಗರ ಕೈಗೆ ಅಧಿಕೃತವಾಗಿ ಸಿಗಲಿಲ್ಲ. ಸೋತ ಲೆಕ್ಕ ಹೊರಬರುತ್ತದೆ ಅನ್ನುವ ಹೆದರಿಕೆಗೆ ಕಡತ ಮುಚ್ಚಿಟ್ಟರೆ, ಗೆದ್ದವರ ಲೆಕ್ಕವೂ ಅದರ ಜೊತೆಗೇ ಮುಚ್ಚಿಹೋಗುತ್ತದೆ. ಎರಡು ಕಡೆಯ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಕೆಲಸವನ್ನು ಆಮೇಲೆ ಮಾಡಿದವರಲ್ಲಿ ನಿವೃತ್ತ ಪೈಲಟ್‌ಗಳು, ಹವ್ಯಾಸಿ ಸಂಶೋಧಕರು ಇದ್ದಾರೆ. ಎರಡೂ ದೇಶಗಳಲ್ಲಿ ಇದ್ದಾರೆ. ಯಾವ ವಿಮಾನದ ನಂಬರ್ ಎಲ್ಲಿ ಬಿತ್ತು, ಯಾವ ಪೈಲಟ್ ಎಲ್ಲಿ ಇಳಿದ ಅಂತ ಅವರು ಕೂತು ಹುಡುಕಿದ್ದರಿಂದ ಇವತ್ತು ಇಷ್ಟಾದರೂ ಗೊತ್ತಿದೆ.

ಒಂದು ಸಂಗತಿ ಹೇಳದೆ ಮುಗಿಸಲು ಮನಸ್ಸಿಲ್ಲ. ಅಮ್ಜದ್ ಹುಸೇನ್ 1971ರ ಯುದ್ಧದಲ್ಲೂ ಸ್ಟಾರ್‌ಫೈಟರ್ ಹಾರಿಸಿದರು. ಆಗ ಅವರು ವಿಂಗ್ ಕಮಾಂಡರ್. ಡಿಸೆಂಬರ್ 5ರಂದು ಅಮೃತಸರದ ರಾಡಾರ್ ಮೇಲೆ ದಾಳಿಗೆ ಬಂದಾಗ ನಮ್ಮ ವಿಮಾನ ನಿರೋಧಕ ಗನ್‌ಗಳು ಅವರನ್ನು ಉರುಳಿಸಿದವು. ಎರಡನೇ ಸಲ ಪ್ಯಾರಾಶೂಟ್‌ನಲ್ಲಿ ಇಳಿದರು, ಈ ಸಲ ಭಾರತದ ನೆಲದ ಮೇಲೆ. ಸೆರೆ ಸಿಕ್ಕರು. ಯುದ್ಧಕೈದಿಯಾಗಿ ನಮ್ಮ ಕೈಯಲ್ಲೇ ಇದ್ದು ಆಮೇಲೆ ತಮ್ಮ ದೇಶಕ್ಕೆ ಹೋದರು. ದೇವಯ್ಯನವರ ಕೊನೆಯ ನಿಮಿಷಗಳನ್ನು ಗಾಳಿಯಲ್ಲಿ ಎದುರೆದುರು ಕಂಡಿದ್ದ ಮನುಷ್ಯ ಅಷ್ಟು ಹತ್ತಿರ ಇದ್ದರು. ಅವರನ್ನು ಕೇಳಬೇಕಾದ ಪ್ರಶ್ನೆಯೊಂದು ಇದೆ ಅನ್ನುವುದು ನಮಗೆ ಗೊತ್ತಾಗಿದ್ದು ಇನ್ನೂ ಎಂಟು ವರ್ಷ ಕಳೆದ ಮೇಲೆ.